ಖಾಲಿ ಗಿಂಡಿ

“ಗಿಂಡಿ ಖಾಲಿ ಉಂಟಲ್ಲ?” ಮೋನಪ್ಪ ಮೂರನೆಯ ಸಲ ಕೇಳಿದ.

“ನಾನೇ ತೊಳೆದು ಇಟ್ಟಿದ್ದೇನೆ,” ಎಂದಳು ಹೆಂಡತಿ ವಾರಿಜಾ, ತಲೆಯೆತ್ತದೆ.

ಚೆಂಬೂರಿನ ಚಾಳಿನ ಅಂಗಳದಲ್ಲಿ ಚಪ್ಪರ ಎದ್ದಿತ್ತು. ಮಾವಿನ ತೋರಣ, ಬಾಳೆಗಿಡ, ವಾಲಗ ಎಲ್ಲವೂ ಇತ್ತು, ಮದುವೆಯೊಂದು ಇರಲಿಲ್ಲ. ಚಪ್ಪರದಿಂದ ಪಾಯಸದವರೆಗೆ ಮದುವೆಯನ್ನು ಪೂರ್ತಿ ಗುತ್ತಿಗೆ ಹಿಡಿಯುವ ಮೋನಪ್ಪನ ಬಗ್ಗೆ ಒಂದು ಪುಟ ಬರೆಯಲು ಕನ್ನಡ ವಾರಪತ್ರಿಕೆಯೊಂದು ಒಪ್ಪಿತ್ತು. ವರದಿಗಾರ ಹತ್ತು ಗಂಟೆಗೆ ಕ್ಯಾಮೆರಾ ಹಿಡಿದು ಬರುವವನಿದ್ದ. ಆ ತಿಂಗಳು ಮೋನಪ್ಪನ ಕೈಯಲ್ಲಿ ಒಂದೇ ಒಂದು ಮದುವೆಯೂ ಇರಲಿಲ್ಲ.

ಪತ್ರಿಕೆಯವರು ಕೈತಪ್ಪಿದರೆ ಮತ್ತೆ ಸಿಗುವವರಲ್ಲ. ಹಾಗಾಗಿ ಅವನೇ ಒಂದು ಮದುವೆ ಹುಟ್ಟಿಸಿದ. ಊಟದ ಆಸೆ ತೋರಿಸಿ ಚಾಳಿನವರನ್ನೆಲ್ಲ ದಿಬ್ಬಣ ಮಾಡಿದ. ಎದುರು ಬಿಲ್ಡಿಂಗಿನ ಶೇಖರ ಎತ್ತರದ ಹುಡುಗ, ಎಣ್ಣೆ ಕಾರ್ಖಾನೆಯಲ್ಲಿ ಗುಮಾಸ್ತ. ವಾರಿಜಾ ಹೋಗಿ ಕೇಳಿದ್ದಕ್ಕೆ ಮದುಮಗನಾಗಿ ನಿಲ್ಲಲು ಒಪ್ಪಿದ. ಮದುಮಗಳಾಗಿ ನಿಲ್ಲಲು ಗೋರೆಗಾಂವ್‌ನ ಸ್ಟುಡಿಯೋದಲ್ಲಿ ಜನಜಂಗುಳಿಯ ದೃಶ್ಯಗಳಿಗೆ ಬರುವ ಒಬ್ಬಳನ್ನು ಗೊತ್ತುಮಾಡಿದ್ದಾಯಿತು. ಅವಳಿಗೆ ಜ್ವರವಂತೆ ಎಂದು ಬೆಳಿಗ್ಗೆ ಸುದ್ದಿ ತಂದವಳು ಮೋನಪ್ಪನ ಮಗಳು ಪ್ರಫುಲ್ಲಾ.

“ನಾನೇ ನಿಲ್ತೇನೆ ಅಪ್ಪ. ಫೋಟೋ ತೆಗೆಯುವಷ್ಟು ಹೊತ್ತು ಅಲ್ವಾ?”

ಮೋನಪ್ಪನಿಗೆ ಮುಳ್ಳಿನ ಮೇಲೆ ನಿಂತಂತಾಯಿತು. ಘಾಟ್ಕೋಪರಿನ ಹೋಟೆಲ್ ಧಣಿಯ ಮನೆಯವರು ಮುಂದಿನ ವಾರ ಇವಳನ್ನು ನೋಡಲು ಬರುವವರಿದ್ದರು. ಆ ಸಂಬಂಧ ಕುದುರಿದರೆ ಮುಂಬಯಿಯ ಹೋಟೆಲಿನವರ ಮದುವೆಗಳೆಲ್ಲ ತನ್ನವೇ.

“ತಲೆ ತಗ್ಗಿಸಿ ನಿಲ್ಲು, ಮುಖ ಕಾಣಬಾರ್ದು. ಕರಿಮಣಿ ಬೇಡ. ಗಿಂಡಿಯಲ್ಲಿ ನೀರೂ ಬೇಡ,” ಎಂದ.

ನಾಟಕ ಹೊರಬಿದ್ದರೆ ಮಾತ್ರ ಮುಗಿಯಿತು. ಮದುವೆಗೆ ಬಿಡಿ, ಉತ್ತರಕ್ರಿಯೆಯ ಊಟಕ್ಕೂ ಯಾರೂ ಅವನನ್ನು ಕರೆಯುವುದಿಲ್ಲ.

ವರದಿಗಾರ ನೀಲಕಂಠಪ್ಪ ಧಾರವಾಡದ ಕಡೆಯವನು. ಕಂಡದ್ದನ್ನೆಲ್ಲ ಕೆದಕಿ ಕೇಳುವ ಚಾಳಿ.

“ತಾಳಿ ಎಲ್ಲೈತ್ರಿ ಯಜಮಾನ್ರ?”

ಈ ಪ್ರಶ್ನೆಯನ್ನು ಮೋನಪ್ಪ ಎಣಿಸಿರಲಿಲ್ಲ. ಆದರೆ ನಾಲಗೆ ಕೈಕೊಡಲಿಲ್ಲ. “ನಮ್ಮ ಕಡೆ ಧಾರೆಯೇ ಮದುವೆ. ಕರಿಮಣಿ ಆಮೇಲೆ ಹಾಕಿದರೂ ಆಗ್ತದೆ. ಹತ್ತು ಜನರ ಎದುರು ಹುಡುಗಿಯ ಅಪ್ಪ ಕೂಡಿದ ಕೈಗೆ ನೀರು ಬಿಟ್ಟರೆ ಮುಗೀತು. ಮತ್ತೆ ಬ್ರಹ್ಮ ಬಂದರೂ ಬಿಡಿಸ್ಲಿಕ್ಕೆ ಆಗುದಿಲ್ಲ.”

“ಛಲೋ ಮಾತು. ಇದನ್ನ ಹಂಗೇ ಹಾಕ್ತೀನ್ರಿ,” ಎಂದು ನೀಲಕಂಠಪ್ಪ ಬರೆದುಕೊಂಡ. “ಹುಡುಗಿ ತಂದಿ ಯಾರ್ರಿ?”

“ಇವತ್ತಿನ ಮಟ್ಟಿಗೆ ನಾನೇ.”

ಅದನ್ನು ಮೋನಪ್ಪ ಮೊದಲೇ ಲೆಕ್ಕ ಹಾಕಿದ್ದ. ಮದುವೆಯ ಫೋಟೋದಲ್ಲಿ ಗುತ್ತಿಗೆದಾರನ ಮುಖ ಯಾರಿಗೆ ಬೇಕು? ಧಾರೆ ಎರೆಯುವವನಾದರೆ ನಟ್ಟನಡುವೆ ನಿಲ್ಲುತ್ತಾನೆ. ಬೆನ್ನ ಹಿಂದೆ ಅವನ ಹೆಸರಿನ ಬೋರ್ಡು, ಎರಡು ಮೊಳ ಅಗಲದ್ದು.

ವಾರಿಜಾ ಗಿಂಡಿಯನ್ನು ಕೈಗಿತ್ತಳು. ಕಂಚಿನ ಗಿಂಡಿ, ಒಳ್ಳೆಯ ಭಾರ. ಮೋನಪ್ಪ ಮುಂಡಾಸು ಸರಿಮಾಡಿ, ಹೊಟ್ಟೆ ಒಳಗೆಳೆದು, ಕ್ಯಾಮೆರಾದ ಕಣ್ಣಿನಲ್ಲೇ ಕಣ್ಣಿಟ್ಟು ಗಿಂಡಿ ಬಗ್ಗಿಸಿದ. “ಇನ್ನೊಂದು ಸಲ,” ಎಂದ ನೀಲಕಂಠಪ್ಪ. ಬಗ್ಗಿಸಿದ. ಮೂರನೆಯ ಸಲ ಯಾರೂ ಕೇಳದಿದ್ದರೂ ಬಗ್ಗಿಸಿದ. ಮುಂದಿನ ಸಾಲಿನಲ್ಲಿ ಅವನ ಅಕ್ಕ ಅಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವಳು ಯಕ್ಷಗಾನ ನೋಡಿದರೂ ಅಳುವವಳೇ ಎಂದುಕೊಂಡ ಮೋನಪ್ಪ. ಮಂಟಪದಿಂದ ಇಳಿದು ಬಂದಾಗ ಪಂಚೆಯ ಅಂಚು ಒದ್ದೆಯಾಗಿತ್ತು. ಎಲ್ಲೆಂದರಲ್ಲಿ ನೀರು ಚೆಲ್ಲುತ್ತೀರಿ ಎಂದು ಬಡಿಸುವವರನ್ನು ಬೈದ.

ಮದುಮಕ್ಕಳ ಹೆಸರು ಬೇಕೆಂದ ವರದಿಗಾರನಿಗೆ ಬರೆದು ಕಳಿಸುತ್ತೇನೆಂದು ಹೇಳಿ, ಹೋಳಿಗೆಯ ಕಟ್ಟು ಕೊಟ್ಟು ಸಾಗಹಾಕಿದ್ದಾಯಿತು. ಮರುದಿನ ಎರಡು ಹೆಸರು ಹೊಸೆದು ಚೀಟಿಯಲ್ಲಿ ಬರೆದ. ಪ್ರಫುಲ್ಲಾ ಫೋರ್ಟಿನ ಆಫೀಸಿನಲ್ಲಿ ಟೈಪಿಸ್ಟ್. ಹೋಗುವ ದಾರಿಯಲ್ಲಿ ಪತ್ರಿಕೆಗೆ ತಲುಪಿಸುತ್ತೇನೆಂದು ಚೀಟಿ ತೆಗೆದುಕೊಂಡಳು. ಇಂಥ ಮಗಳು ಹೋಟೆಲ್ ಧಣಿಯ ಮನೆ ಸೇರಿದರೆ ಸಾರ್ಥಕ ಎಂದು ಮೋನಪ್ಪನಿಗೆ ಕಣ್ಣು ತುಂಬಿ ಬಂತು.

ಭಾನುವಾರ ಅವನು ಏಳುವ ಮೊದಲೇ ಹೊರಗಿನ ಕೋಣೆಯಲ್ಲಿ ಮೂರು ಮನೆಯವರು ಕೂತಿದ್ದರು. ಮೂವರ ಕೈಯಲ್ಲೂ ಪತ್ರಿಕೆ.

“ನಮ್ಮದೂ ಹೀಗೇ ಆಗಬೇಕು ಮೋನಪ್ಪಣ್ಣ,” ಎಂದರು ಹಿರಿಯರೊಬ್ಬರು. “ಆಡಂಬರ ಇಲ್ಲದೆ, ಗುಣ ನೋಡಿ. ನಿಮ್ಮದು ದೊಡ್ಡ ಮನಸ್ಸು.”

ಏನೂ ತಿಳಿಯದಿದ್ದರೂ ಮೋನಪ್ಪ ಕೈಮುಗಿದ. ಒಳಗೆ ಓಡಿ ಕನ್ನಡಕ ಹಾಕಿಕೊಂಡು ಪುಟ ಬಿಡಿಸಿದ. ನಟ್ಟನಡುವೆ ತನ್ನ ಮುಖ, ಹಿಂದೆ ಬೋರ್ಡು, ಒಂದಕ್ಷರವೂ ಮರೆಯಾಗಿರಲಿಲ್ಲ. ಮನಸ್ಸು ತುಂಬಿತು. ಆಮೇಲೆ ಕಣ್ಣು ಕೆಳಗಿಳಿಯಿತು. ಗಿಂಡಿಯ ಮೂತಿಯಿಂದ ಕೂಡಿದ ಕೈಗಳವರೆಗೆ ಬೆಳ್ಳಗೆ ಒಂದು ಗೆರೆ ಹೊಳೆಯುತ್ತಿತ್ತು. ಅದರಡಿಯಲ್ಲಿ ದಪ್ಪಕ್ಷರ: ‘ಮಗಳು ಪ್ರಫುಲ್ಲಾಳನ್ನು ಶೇಖರನಿಗೆ ಧಾರೆಯೆರೆದು ಕೊಡುತ್ತಿರುವ ಮೋನಪ್ಪನವರು. ಇನ್ನು ಬ್ರಹ್ಮ ಬಂದರೂ ಬಿಡಿಸಲಾಗದು ಎಂದು ಅವರೇ ನುಡಿದರು.’

“ಪ್ರಫುಲ್ಲಾ ಎಲ್ಲಿ?” ಪತ್ರಿಕೆ ಹಿಡಿದುಕೊಂಡೇ ಹೆಂಡತಿಯನ್ನು ಕೇಳಿದ.

“ಬೆಳಿಗ್ಗೆಯೇ ಗಂಡನ ಮನೆಗೆ ಹೋದಳು,” ಎಂದಳು ವಾರಿಜಾ, ಹೊರಗಿನವರಿಗೆ ಕಾಫಿ ಬಗ್ಗಿಸುತ್ತ. “ಅದು ಸುಳ್ಳು ಮದುವೆ ಅಂತ ಹೇಳುವುದಿದ್ದರೆ ಈಗಲೇ ಹೋಗಿ ಹೇಳಿ, ಮೂರು ಮನೆಯವರೂ ಕೂತಿದ್ದಾರೆ.”