ತಾನೇ ತಿರುಗುವ ಬಿರಡೆ

"ದೇಖೋನಾ ಪಪ್ಪಾ, ಗ್ರೀನ್ ಲೈಟ್ ಬಂತು. ಗಿಟಾರ್ ಬರಾಬರ್ ಉಂಟು," ಎನ್ನುತ್ತ ಅಶ್ಮಿತಾ ಮತ್ತೆ ತಂತಿ ಮೀಟಿದಳು. ಅಪ್ಪ ಲೀಲಾಧರ ಹಾರ್ಮೋನಿಯಂ ಒತ್ತಿದರು. ಎರಡರ ಶ್ರುತಿಯೂ ಸೇರಲಿಲ್ಲ. ವರ್ತಕ ನಗರದ ಭಜನಾ ಮಂಡಳಿಯವರು ತಾಳ ಹಿಡಿದು ಕಾಯುತ್ತಿದ್ದರು.

"ತನ್ನಷ್ಟಕ್ಕೇ ಶ್ರುತಿ ಮಾಡಿಕೊಳ್ಳುವ ಗಿಟಾರ್ ಅಂತೆ! ಬದಿಗಿಡು ಅದನ್ನು. ಭಜನೆ ಸುರು ಮಾಡುವ," ಎಂದರು ಲೀಲಾಧರ.

ಬ್ಯಾಟರಿ ಬದಲಿಸಿದ್ದಾಗಿತ್ತು, ವಯರು ಕಿತ್ತು ಮತ್ತೆ ಸಿಕ್ಕಿಸಿದ್ದಾಗಿತ್ತು. ಈಗ ಅಶ್ಮಿತಾಳಿಗೆ ಹೊಳೆಯಿತು: ಅಪ್ಪನ ಹಳೆಯ ಹಾರ್ಮೋನಿಯಂನ ಶ್ರುತಿಯೇ ತುಸು ಏರಿತ್ತು. ಇಷ್ಟು ಜನರ ಎದುರು ಅದನ್ನು ಹೇಳುವುದು ಹೇಗೆ? "ಪಪ್ಪಾ, ಒಂದೇ ಸ್ವರ ಒತ್ತಿ ಹಿಡೀರಿ," ಎಂದಳು. ಒಂದು ತಂತಿಯನ್ನು ಕೈಯಿಂದಲೇ ಆ ಸ್ವರಕ್ಕೆ ಸೇರಿಸಿ, ಉಳಿದವನ್ನು ಅದಕ್ಕೆ ಹೊಂದಿಸುವ ಗಿಟಾರಿನ ಗುಂಡಿ ಒತ್ತಿ, ಎಲ್ಲ ತಂತಿಗಳನ್ನೂ ಮೀಟಿದಳು. ತಂತಿ ಬಿಗಿಯುವ ಉಳಿದ ಐದು ಬಿರಡೆಗಳು ಯಾರೂ ಮುಟ್ಟದೆ ಕಿರ್ರನೆ ತಿರುಗಿ, ಹಾರ್ಮೋನಿಯಂ ಹೇಳಿದಲ್ಲಿಗೆ ಬಂದು ನಿಂತವು. ಮತ್ತೆ ಮೀಟಿದಾಗ ಎರಡೂ ಒಂದೇ ನಾದವಾಗಿ ಕೋಣೆ ತುಂಬಿದವು.

ಮಂಡಳಿಯವರು ತಾಳ ಎತ್ತಿದರು. ಲೀಲಾಧರ ಕೈ ಅಡ್ಡ ಹಿಡಿದು ತಡೆದರು. ಕನ್ನಡಕ ಏರಿಸಿಕೊಂಡು, ಚಾಪೆಯ ಮೇಲೆಯೇ ಮಗಳ ಪಕ್ಕಕ್ಕೆ ಜರುಗಿದರು.

"ಭಜನೆ ಎಲ್ಲಿಗೂ ಓಡಿಹೋಗುದಿಲ್ಲ. ಇನ್ನೊಮ್ಮೆ ತಿರುಗಿಸು ಮಾರಾಯ್ತಿ, ನನಗೆ ಸಮ ಕಾಣಲಿಲ್ಲ!"