ನಾಲ್ಕು ಬೋಲ್ಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ತಿಜೋರಿ ಕೂರಿಸುವ ಕೆಲಸ ನನಗೆ ಬಾರದು. ಬಲ್ಲವನೊಬ್ಬ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ, ಅಷ್ಟೆ. ಎಲ್ಲಾದರೂ ಎಡವಿದರೆ ತಪ್ಪು ನನ್ನದು, ಅವನದಲ್ಲ.

“ಬೋಲ್ಟ್ ಹಾಕಬೇಡ,” ಎಂದರು ಮನೆಯಾಕೆ.

ತಿಜೋರಿ ಕೂರಿಸಲು ಬಂದಿದ್ದ ಫಿಟ್ಟರ್‌ನ ಕೈ ಡ್ರಿಲ್ಲಿನ ಮೇಲೆ ಹಾಗೇ ನಿಂತಿತು.

“ಹಾಕದೆ ಹೇಗಮ್ಮಾ? ತಿಜೋರಿ ಅಂದ್ರೆ ನೆಲಾನ ಕಚ್ಚಿಕೊಂಡಿರಬೇಕು. ಇಲ್ಲಾಂದ್ರೆ ಅದು ಬರೀ ಭಾರದ ಡಬ್ಬ.”

“ಆಂ?”

ಅವರ ಎರಡೂ ಕಿವಿಯಲ್ಲಿ ಹತ್ತಿಯಿತ್ತು. ಪಾಪ, ಕಿವಿನೋವಿರಬೇಕು ಎಂದುಕೊಂಡು ಫಿಟ್ಟರ್ ಅದೇ ಮಾತನ್ನು ಕೂಗಿ ಹೇಳಿದ.

“ನೆಲ ಹಾಳಾಗುತ್ತಪ್ಪ. ಸುಮ್ನೆ ಮೂಲೇಲಿಟ್ಟು ಹೋಗು. ಯಜಮಾನ್ರು ಕೇಳಿದ್ರೆ ಹಾಕಿದೀನಿ ಅಂದ್ಬಿಡು.”

ಈಗಷ್ಟೇ ಯಜಮಾನರು ಹೇಳಿ ಹೋದದ್ದು ಇದಕ್ಕೆ ತದ್ವಿರುದ್ಧ. ಹೊಸದಾಗಿ ನಿವೃತ್ತರಾದ, ಗುಂಡುಗೆನ್ನೆಯ ಮನುಷ್ಯ. ಬಗಲಲ್ಲಿ ನೀಲಿ ಮಖಮಲ್ಲಿನ ಚೀಲವೊಂದನ್ನು ಎಳೆಮಗುವಿನಂತೆ ಅವಚಿಕೊಂಡಿದ್ದರು.

“ಇದಕ್ಕೆ ಬೆಲೆ ಕಟ್ಟೋಕಾಗಲ್ಲಪ್ಪ. ಎರಡು ಸಲ ಮಾಯವಾಗಿತ್ತು. ಒಂದ್ಸಲ ಗುಜರಿ ಅಂಗಡೀಲಿ ಸಿಕ್ತು, ಇನ್ನೊಂದ್ಸಲ ಹಿತ್ತಲ ಬಾವೀಲಿ. ಇನ್ನೊಮ್ಮೆ ಹೋದ್ರೆ ನಾನು ಉಳಿಯಲ್ಲ. ನಿನ್ನನ್ನೇ ನಂಬಿದೀನಿ,” ಎಂದವರೇ, ತಿಜೋರಿಯ ಕೀಲಿಯನ್ನು ಕೊರಳಿಗೆ ಕಟ್ಟಿಕೊಳ್ಳಲು ಗಟ್ಟಿ ದಾರ ತರುತ್ತೇನೆಂದು ಚೀಲದ ಸಮೇತ ಹೊರಟಿದ್ದರು.

ಫಿಟ್ಟರ್ ಸ್ವಭಾವತಃ ಹೆದರುಪುಕ್ಕಲ. ತನ್ನ ಮನೆಗೆ ಬೀಗ ಹಾಕಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಜಗ್ಗಿ ನೋಡುವವನು. ಅವನ ಭಯಕ್ಕೆ ಕಾರಣವೂ ಇತ್ತು. ತಿಜೋರಿ ಕಳುವಾದರೆ ಪೊಲೀಸರು ಮೊದಲು ಹಿಡಿಯುವುದು ಅದನ್ನು ಕೂರಿಸಿದವನ ಕುತ್ತಿಗೆಯನ್ನೇ.

“ಇದನ್ನ ಎತ್ತೋಕೆ ಎಷ್ಟು ಜನ ಬೇಕು?” ಮನೆಯಾಕೆ ಬಲು ಸಹಜವಾಗಿ ಕೇಳಿದರು.

“ಮೂರು ಜನ ಗಟ್ಟಿಮುಟ್ಟಾಗಿದ್ರೆ ಸಾಕು,” ಎಂದು ಫಿಟ್ಟರ್ ಕೂಗಿ ಹೇಳಿದ.

ಅವರು ಕಿಟಕಿಯತ್ತ ತಿರುಗಿ ಬೆರಳು ತೋರಿಸಿದರು. ಮೂರು. ಹೊರಗೆ ಎದುರುಮನೆಯ ಟೈಲರ್ ತಲೆಯಾಡಿಸಿದ. ಪಕ್ಕದ ಮನೆಯ ತರಕಾರಿಯವ ತನ್ನ ತಳ್ಳುಗಾಡಿಯನ್ನು ಖಾಲಿ ಮಾಡಿ, ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಇಬ್ಬರ ಕಿವಿಯಲ್ಲೂ ಹತ್ತಿ. ಈ ಬೀದಿಗೇ ಏನೋ ಕಿವಿಯ ರೋಗ ತಗುಲಿದಂತಿತ್ತು.

“ಗಾಡೀಲಿ ಹಿಡಿಸುತ್ತೇನಣ್ಣಾ?” ಎಂದು ತರಕಾರಿಯವ ಕಿಟಕಿಯಿಂದಲೇ ಕೂಗಿದ.

“ನಿಂಗ್ಯಾಕೆ ಅದು?” ಫಿಟ್ಟರ್ ಕೂಡ ಕೂಗಿದ.

“ಸುಮ್ನೆ. ತಿಳ್ಕೊಂಡಿರೋಣ ಅಂತ.”

ಫಿಟ್ಟರ್‌ಗೆ ಎಲ್ಲ ಅರ್ಥವಾಯಿತು. ಕಳ್ಳರು ಹೊರಗಿನವರಲ್ಲ. ಆ ಗುಂಡುಗೆನ್ನೆಯ ಮುಗ್ಧನ ಸರ್ವಸ್ವವನ್ನು ಹೊಡೆಯಲು ಹೆಂಡತಿಯೇ ಬೀದಿಯವರ ಜೊತೆ ಸೇರಿಕೊಂಡಿದ್ದಾಳೆ!

ಆದರೆ ಹೇಳುವುದು ಯಾರಿಗೆ? ಸಾಕ್ಷಿ ಎಲ್ಲಿದೆ? ಅವನಿಗೆ ತಿಳಿದಿದ್ದುದು ಒಂದೇ ವಿದ್ಯೆ.

ಮನೆಯಾಕೆ ಅಡುಗೆಮನೆಗೆ ಹೋದದ್ದೇ ತಡ, ಅವನು ತಿಜೋರಿಯೊಳಗೆ ತಲೆ ತೂರಿಸಿದ. ತಳದಲ್ಲಿ ನಾಲ್ಕು ತೂತುಗಳಿದ್ದವು. ಬೋಲ್ಟನ್ನು ಒಳಗಿನಿಂದಲೇ ನೆಲಕ್ಕಿಳಿಸಿ, ಒಳಗಿನಿಂದಲೇ ಬಿಗಿಯಬೇಕು. ಒಮ್ಮೆ ಬಾಗಿಲು ಹಾಕಿದರೆ, ಕೀಲಿಯಿಲ್ಲದವರು ಹೊರಗೆ ನಿಂತು ತಿಪ್ಪರಲಾಗ ಹಾಕಿದರೂ ಬಿಚ್ಚಲಾಗದು.

ಡ್ರಿಲ್ ಭೋರ್ಗರೆಯಿತು. ಗೋಡೆಯ ಗಡಿಯಾರ ನಡುಗಿತು. ಅಡುಗೆಮನೆಯಲ್ಲಿ ಮನೆಯಾಕೆ ಬೆನ್ನು ಹಾಕಿಕೊಂಡು ಈರುಳ್ಳಿ ಹೆಚ್ಚುತ್ತಲೇ ಇದ್ದರು. ತಿರುಗಿಯೂ ನೋಡಲಿಲ್ಲ. ಆ ಹತ್ತಿಯನ್ನು ಕಂಡುಹಿಡಿದವನ ಹೊಟ್ಟೆ ತಣ್ಣಗಿರಲಿ ಎಂದು ಫಿಟ್ಟರ್ ಮನಸ್ಸಿನಲ್ಲೇ ಹರಸಿದ.

ನಾಲ್ಕು ಬೋಲ್ಟುಗಳನ್ನೂ ಕೈ ನೋಯುವಷ್ಟು ಬಿಗಿದು, ಧೂಳು ಒರೆಸಿ, ಮೇಲೆ ರತ್ನಗಂಬಳಿಯ ತುಂಡು ಹಾಸಿದ. ಗಾಬರಿಯಲ್ಲಿ, ನೆಲ ಸಮತಟ್ಟಾಗಿದೆಯೇ ಎಂದು ನೋಡುವ ರಸಮಟ್ಟವನ್ನು ಅಲ್ಲೇ ಮರೆತು ಹೊರಟ.

ಮರುದಿನ ಬೆಳಗ್ಗೆ ಅದನ್ನು ತರಲು ಹೋದಾಗ, ಬಾಗಿಲಲ್ಲೇ ಮೂವರೂ ಸಿಕ್ಕರು. ಟೈಲರ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿದ್ದ. ತರಕಾರಿಯವ ಖಾಲಿ ಗಾಡಿಗೆ ಒರಗಿ ನರಳುತ್ತಿದ್ದ. ಮನೆಯಾಕೆಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಮೂವರೂ ಅವನನ್ನು ಸುಟ್ಟುಬಿಡುವಂತೆ ನೋಡಿದರು.

“ಬೋಲ್ಟ್ ಹಾಕಿದ್ಯೇನೋ?” ಮನೆಯಾಕೆ ಹಲ್ಲು ಕಚ್ಚಿ ಕೇಳಿದರು.

“ನಾಲ್ಕೂ ಹಾಕಿದೀನಮ್ಮಾ,” ಎಂದ ಫಿಟ್ಟರ್. ಹುಟ್ಟಿದ ಮೇಲೆ ಮೊದಲ ಸಲ ಅವನ ದನಿ ನಡುಗಲಿಲ್ಲ. “ನೀವು ಈರುಳ್ಳಿ ಹೆಚ್ತಾ ಇದ್ರಿ.”

ಅಷ್ಟರಲ್ಲಿ ಯಜಮಾನರು ಓಡಿಬಂದು ಅವನನ್ನು ಬಾಚಿ ತಬ್ಬಿಕೊಂಡರು.

“ರಾತ್ರಿ ಕಳ್ಳರು ಬಂದಿದ್ರಪ್ಪ! ಎಳೆದಾಡಿದ ಗುರುತಿದೆ, ಒಂದು ಕೂದಲೆಳೆಯಷ್ಟೂ ಅಲ್ಲಾಡಿಲ್ಲ! ನೀನು ಮನುಷ್ಯನಲ್ಲ, ದೇವರು! ಬಾ ಒಳಗೆ. ನಿನ್ನ ಋಣ ಈಗಲೇ ತೀರಿಸಿಬಿಡ್ತೀನಿ.”

“ಬೇಡ ಅನ್ನೋ,” ಎಂದು ಟೈಲರ್ ಹಿಂದಿನಿಂದ ಪಿಸುಗುಟ್ಟಿದ. “ಕೈ ಮುಗೀತೀನಿ, ಬೇಡ ಅನ್ನು.”

ಕಳ್ಳನ ಮಾತು ಯಾರು ಕೇಳುತ್ತಾರೆ? ಫಿಟ್ಟರ್ ಎದೆಯುಬ್ಬಿಸಿ ಒಳಗೆ ಹೋದ.

ಯಜಮಾನರು ಕೊರಳ ಕೀಲಿಯಿಂದ ತಿಜೋರಿ ತೆರೆದು, ನೀಲಿ ಚೀಲವನ್ನು ಎತ್ತಿಕೊಂಡರು. ಹೊರಗೆ ಬೀದಿಯುದ್ದಕ್ಕೂ ಕಿಟಕಿಗಳು ಒಂದರ ಹಿಂದೊಂದು ದಡದಡನೆ ಮುಚ್ಚಿಕೊಂಡವು. ಚೀಲದ ಬಾಯಿ ಬಿಚ್ಚಿತು. ಫಳಫಳ ಹೊಳೆಯುವ ಹಿತ್ತಾಳೆಯ ತುತ್ತೂರಿಯೊಂದು ಹೊರಗೆ ಬಂತು.

“ಕಲಿಯೋಕೆ ಶುರುಮಾಡಿ ಮೂರೇ ತಿಂಗಳು,” ಎಂದು ಯಜಮಾನರು ನಾಚಿಕೊಂಡು, ಗುಂಡುಗೆನ್ನೆಗಳನ್ನು ಇನ್ನಷ್ಟು ಉಬ್ಬಿಸಿದರು.

ಮನೆಯಾಕೆ ಫಿಟ್ಟರ್‌ನ ಅಂಗೈಗೆ ಎರಡು ಉಂಡೆ ಹತ್ತಿ ಇಟ್ಟರು.

ಆ ಬೋಲ್ಟುಗಳನ್ನು ಅವನು ಆಮೇಲಾದರೂ ಬಿಚ್ಚಿಕೊಟ್ಟನೋ ಇಲ್ಲವೋ, ನನಗೆ ನಿಜವಾಗಿ ಗೊತ್ತಿಲ್ಲ; ಎಷ್ಟು ಸಲ ಕೇಳಿದರೂ ಅವನು “ಆಂ?” ಎನ್ನುತ್ತಾನೆ.