ಉಗುರು ತಿಳಿಯಾಗುವ ತನಕ

ಬೆಳಗಿನ ಆರಕ್ಕೆ ಬಸ್ ಡಿಪೋ ಬಾಗಿಲಲ್ಲಿ ಡ್ರೈವರುಗಳೆಲ್ಲ ಕೈ ಚಾಚಿ ನಿಲ್ಲುತ್ತಿದ್ದರು. ನುಂಗಿದ ಮಾತ್ರೆ ಮೈಯಲ್ಲಿ ಇರುವಷ್ಟು ಹೊತ್ತೂ ಉಗುರಿನಲ್ಲಿ ಅದರ ಬಣ್ಣ ಕಾಣುತ್ತಿತ್ತು. ಮಂಪರು ತರಿಸುವ ಮಾತ್ರೆಗಳದು ನೀಲಿ. ನೀಲಿ ಇದ್ದವರಿಗೆ ಅಂದು ಗಾಡಿಯಿಲ್ಲ.

ಡ್ರೈವರ್ ಮೌಲಾಸಾಬ ಸೊಂಟನೋವಿಗೆಂದು ಹನ್ನೆರಡು ವರ್ಷದಿಂದ ರಾತ್ರಿ ಅಂಥದೇ ಅರ್ಧ ಮಾತ್ರೆ ನುಂಗುತ್ತಿದ್ದ. ಬೆಳಗಾಗುವುದರೊಳಗೆ ಉಗುರು ತಿಳಿಯಾಗಿರುತ್ತಿತ್ತು. ಈಚೆಗೆ ನೀಲಿ ಉಳಿಯತೊಡಗಿತ್ತು. ಮೂರು ದಿನದಿಂದ ಅವನು ಉಗುರಿಗೆ ಮೈಬಣ್ಣದ ಪಾಲಿಶ್ ಹಚ್ಚಿಕೊಂಡು ಬಂದಿದ್ದ. ನಿನ್ನೆ ರಸ್ತೆ ದಾಟುತ್ತಿದ್ದ ಕುರಿಹಿಂಡು ತೀರ ಹತ್ತಿರವಾದ ಮೇಲಷ್ಟೇ ಅವನ ಕಣ್ಣಿಗೆ ಬಿದ್ದಿತ್ತು. ಬಸ್ಸಿನಲ್ಲಿ ಐವತ್ತು ಜನರಿದ್ದರು.

ಇಂದು ಅವನು ಪಾಲಿಶ್ ಒರೆಸಿಕೊಂಡೇ ಬಂದ.

ತಪಾಸಣೆಯ ನೀಲವ್ವ ಅವನ ಬೆರಳು ಹಿಡಿದು ನೋಡಿದಳು. "ಎರಡು ನುಂಗೀರೇನ್ರಿ ಕಾಕಾ?"

"ಇಲ್ಲವ್ವಾ. ಅದ ಅರ್ಧ ಗುಳಗಿ, ಅದ ಹೊತ್ತಿಗೆ."

"ಹಂಗಾದ್ರ ಗುಳಗಿ ತಪ್ಪಲ್ಲ. ಅದನ್ನ ಹೊರಗ ಹಾಕೋ ಕಿಡ್ನಿ ಸಾವಕಾಶ ಆಗಿರಬೇಕು. ವಯಸ್ಸಾದಂಗ ಹಂಗ ಆಗ್ತದ. ಡಾಕ್ಟರಿಗೆ ತೋರಿಸ್ರಿ."

ಅಷ್ಟು ಹೇಳಿ ಅವಳು ಮುಂದಿನವರನ್ನು ಕರೆಯಬಹುದಿತ್ತು. ಮೌಲಾಸಾಬ ಕದಲಲಿಲ್ಲ.

"ಮೂರು ದಿನಾ ಬಣ್ಣಾ ಮುಚ್ಚಿ ಗಾಡಿ ಹೊಡದೀನವ್ವಾ. ಅದನ್ನೂ ಬರಕೋ."

ನೀಲವ್ವ ಅವನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಬರೆದುಕೊಂಡಳು.

ಅವನ ಬಸ್ಸಿಗೆ ಬೇರೆ ಡ್ರೈವರ್ ಹತ್ತಿದ. ಮೌಲಾಸಾಬ ಕಿಟಕಿಯ ಬಳಿ ಹೋಗಿ, "ಎರಡನೇ ಗೇರ್ ಬಿಗಿ ಐತಿ, ಮೆತ್ತಗ ಹಾಕಪಾ" ಎಂದು ಹೇಳಿ, ಆಸ್ಪತ್ರೆಯ ದಾರಿ ಹಿಡಿದ.